ಹಾಸಿಗೆಗೆ ಗುರುತು ಬೇಡ, ಕಪಾಟಿನ ಕೀಲಿ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ವಿಭಾಗದಲ್ಲಿ ತಂದೆಯೊಬ್ಬರು ಬರೆದ ಪತ್ರವನ್ನು ಓದಿದೆ. ಅವರ ಮಗಳು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ್ದಾಳೆ. ದಾಖಲಾಗುವ ಪ್ರತಿಯೊಬ್ಬ ರೋಗಿಗೂ ಎಚ್‌ಐವಿ ಪರೀಕ್ಷೆಯನ್ನು ಕಡ್ಡಾಯ ಮಾಡಬೇಕು, ಸೋಂಕು ಇದ್ದವರ ಹಾಸಿಗೆಗೆ ಗುರುತು ಹಾಕಬೇಕು, ಆಗ ತಮ್ಮ ಮಗಳಂಥವರು ಎಚ್ಚರದಿಂದ ಇರಬಹುದು ಎಂದು ಅವರು ಕೇಳಿದ್ದಾರೆ. ಆ ತಂದೆಯ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 1987ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅರಸೀಕೆರೆಯಲ್ಲಿದ್ದ ನನ್ನ ಅಪ್ಪನೂ ಹೀಗೆಯೇ ನಿದ್ದೆಗೆಟ್ಟಿದ್ದರು. ಆದರೆ ಅವರು ಕೇಳುತ್ತಿರುವ ಗುರುತನ್ನು ನಾನು ವರ್ಷಗಟ್ಟಲೆ ನನ್ನ ಕೈಯಾರೆ ಹಾಕಿದ್ದೇನೆ. ಅದು ಯಾರನ್ನು ಕಾಯಿತು, ಯಾರನ್ನು ಕಾಯಲಿಲ್ಲ ಎಂಬುದನ್ನು ಕಂಡಿದ್ದೇನೆ. ಮೂವತ್ತಾರು ವರ್ಷ ವಾರ್ಡುಗಳಲ್ಲಿ ದುಡಿದು 2023ರಲ್ಲಿ ನಿವೃತ್ತಳಾದವಳು ನಾನು. ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ನಾನಿನ್ನೂ ನರ್ಸಿಂಗ್ ವಿದ್ಯಾರ್ಥಿನಿಯಾಗಿದ್ದ 1986ರಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಮದ್ರಾಸಿನಲ್ಲಿ ಪತ್ತೆಯಾದವು. ಸೂಕ್ಷ್ಮಜೀವಿ ತಜ್ಞೆ ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ಯುವ ಸಂಶೋಧಕಿ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಮನೆಯ ಫ್ರಿಜ್‌ನಲ್ಲಿ ಇಟ್ಟು, ಪರೀಕ್ಷೆಗೆಂದು ರೈಲಿನಲ್ಲಿ ವೆಲ್ಲೂರಿಗೆ ಒಯ್ದಿದ್ದರು. ಕೈಗವಸೂ ಇಲ್ಲದೆ ಆಕೆ ಆ ಕೆಲಸ ಮಾಡಿದರು ಎಂದು ಎಷ್ಟೋ ವರ್ಷಗಳ ನಂತರ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಾವೆಲ್ಲರೂ ಹಾಗೆಯೇ ದುಡಿಯುತ್ತಿದ್ದೆವು. ಗಾಜಿನ ಸಿರಿಂಜುಗಳನ್ನು ಕುದಿಸಿ ಮತ್ತೆ ಬಳಸುತ್ತಿದ್ದೆವು. ರಬ್ಬರ್ ಕೈಗವಸುಗಳನ್ನು ತೊಳೆದು, ವಾರ್ಡಿನ ಹಿಂದೆ ಹಗ್ಗದ ಮೇಲೆ ಒಣಹಾಕಿ, ತೂತುಗಳಿವೆಯೇ ಎಂದು ಗಾಳಿ ಊದಿ ನೋಡಿ, ಪೌಡರ್ ಹಚ್ಚಿ ಮತ್ತೆ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರಕ್ಕೆ ಕಳುಹಿಸುತ್ತಿದ್ದೆವು. ಅವೂ ಶಸ್ತ್ರಚಿಕಿತ್ಸಾ ಕೊಠಡಿಗೆ ಮೀಸಲು. ರಕ್ತ ತೆಗೆಯುವುದು, ಗಾಯ ತೊಳೆಯುವುದು, ಹೆರಿಗೆಯ ನಂತರ ಬಟ್ಟೆ ಬದಲಿಸುವುದು ಎಲ್ಲವೂ ಬರಿಗೈಯಲ್ಲೇ.

ಇಂಥ ಕಡೆ ಭಯ ಹುಟ್ಟಿದರೆ ಅದು ಮೊದಲು ಹುಡುಕುವುದು ಅಗ್ಗದ ಉಪಾಯವನ್ನು. ಕೈಗವಸಿನ ಪೆಟ್ಟಿಗೆಗಿಂತ ಕೆಂಪು ಶಾಯಿ ಅಗ್ಗ. ಎಚ್‌ಐವಿ ಸೋಂಕು ಇದ್ದವರ ಕೇಸ್‌ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಎರಡು ಅಕ್ಷರ ಬರೆದು ಸುತ್ತ ವೃತ್ತ ಎಳೆಯಬೇಕೆಂದು ನಮಗೆ ಮೌಖಿಕ ಸೂಚನೆ ಇತ್ತು. ಹಾಸಿಗೆಯ ಕಾಲಬದಿಯ ಕಬ್ಬಿಣದ ಸರಳಿಗೂ ಅದೇ ಗುರುತಿನ ಚೀಟಿ ಕಟ್ಟುತ್ತಿದ್ದೆವು. ಅಕ್ಷರಗಳ ಅರ್ಥ ಹೊರಗಿನವರಿಗೆ ತಿಳಿಯುವುದಿಲ್ಲ ಎಂದು ನಂಬಿದ್ದೆವು.

1998ರ ಮಳೆಗಾಲದಲ್ಲಿ ಪಿತ್ತಕೋಶದ ಕಲ್ಲಿಗೆಂದು ಒಬ್ಬ ಹೆಣ್ಣುಮಗಳು ನಮ್ಮ ವಾರ್ಡಿಗೆ ದಾಖಲಾದಳು. ಗಾರ್ಮೆಂಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಗಂಡ ತೀರಿಕೊಂಡಿದ್ದ. ದಿನವೂ ಸಂಜೆ ಅವಳ ಅಣ್ಣ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್‌ನಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ತಂಗಿಯ ಎದುರು ಕುಳಿತು ಬಡಿಸುತ್ತಿದ್ದ. ಅವಳ ರಕ್ತಪರೀಕ್ಷೆಯ ವರದಿ ಬಂದ ಮಧ್ಯಾಹ್ನ ನಾನೇ ಕೆಂಪು ಶಾಯಿಯಲ್ಲಿ ಬರೆದೆ, ನಾನೇ ಚೀಟಿ ಕಟ್ಟಿದೆ. ಪರೀಕ್ಷೆ ಮಾಡುವ ಮುನ್ನ ಅವಳನ್ನು ಯಾರೂ ಕೇಳಿರಲಿಲ್ಲ. ವರದಿ ಬಂದ ಮೇಲೂ ಅವಳಿಗೆ ಯಾರೂ ಹೇಳಲಿಲ್ಲ. ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಅವಳ ಹೆಸರು ಕೊನೆಗೆ ಹೋಯಿತು. ಸೋಂಕಿತರನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದು ಆಗಿನ ಪದ್ಧತಿ. ಕೊನೆಯವರ ಸರದಿ ಬರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಮೂರು ದಿನ ಅವಳು ಹಿಂದಿನ ರಾತ್ರಿಯಿಂದ ನೀರೂ ಕುಡಿಯದೆ ಸಂಜೆ ನಾಲ್ಕರವರೆಗೆ ಕಾದು, ಮತ್ತೆ ವಾರ್ಡಿಗೆ ಮರಳಿದಳು. ಮೂರನೆಯ ದಿನ ಕೇಳಿದಳು: "ಸಿಸ್ಟರ್, ನನ್ನ ಸರದಿ ಮಾತ್ರ ಯಾಕೆ ಬರುವುದಿಲ್ಲ?" ನಾನು ಡ್ರಿಪ್ ಸರಿಪಡಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಅಷ್ಟರಲ್ಲಿ ಅಣ್ಣನಿಗೆ ತಿಳಿದಿತ್ತು. ಚೀಟಿಯ ಅಕ್ಷರಗಳ ಅರ್ಥವನ್ನು ಪಕ್ಕದ ಹಾಸಿಗೆಯವರ ಕಡೆಯವರೋ ಕ್ಯಾಂಟೀನಿನ ಹುಡುಗನೋ ಹೇಳಿರಬೇಕು. ಮರುದಿನದಿಂದ ಸ್ಟೀಲ್ ಕ್ಯಾರಿಯರ್ ಬರಲಿಲ್ಲ. ಎಲೆಯಲ್ಲಿ ಕಟ್ಟಿದ ಅನ್ನ ಪ್ಲಾಸ್ಟಿಕ್ ಕವರಿನಲ್ಲಿ ಬಂತು, ಅದನ್ನೂ ಅವನು ವಾರ್ಡಿನ ಬಾಗಿಲಲ್ಲಿ ಆಯಮ್ಮನ ಕೈಗೆ ಕೊಟ್ಟು ಹೋದ. ಅವಳು ಆ ಕವರನ್ನು ನೋಡಿ, ಹಾಸಿಗೆಯ ಕಾಲಬದಿಗೆ ಬಗ್ಗಿ, ಚೀಟಿಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದಳು. ತನಗೆ ಎಚ್‌ಐವಿ ಇದೆ ಎಂದು ಅವಳಿಗೆ ಗೊತ್ತಾದದ್ದು ಹೀಗೆ. ಆ ಚೀಟಿಯಲ್ಲಿದ್ದದ್ದು ನನ್ನ ಕೈಬರಹ.

ಪತ್ರ ಬರೆದ ತಂದೆಯವರು ಕೇಳಬಹುದು: ಅವಳಿಗೆ ನೋವಾಯಿತು ನಿಜ, ಆದರೆ ನರ್ಸ್‌ಗಳು ಸುರಕ್ಷಿತರಾದರಲ್ಲವೇ? ಇಲ್ಲ. ಇದನ್ನು ನಾನು ನನ್ನ ಎಡಗೈ ತೋರುಬೆರಳಿನ ಅನುಭವದಿಂದಲೇ ಹೇಳುತ್ತೇನೆ.

2006ರಲ್ಲಿ ಒಂದು ರಾತ್ರಿಪಾಳಿ. ಬೈಕ್ ಅಪಘಾತದಲ್ಲಿ ಗಾಯಗೊಂಡ ಯುವಕನಿಗೆ ಪ್ರಜ್ಞೆ ಅರ್ಧ ಇತ್ತು, ಅರ್ಧ ಇರಲಿಲ್ಲ. ರಕ್ತ ತೆಗೆಯುವಾಗ ಕೈಯನ್ನು ಜೋರಾಗಿ ಎಳೆದುಕೊಂಡ, ಸೂಜಿ ಹೊರಬಂದು ನನ್ನ ಬೆರಳಿಗೆ ನಾಟಿತು. ಅವನ ಎಚ್‌ಐವಿ ಪರೀಕ್ಷೆಯಲ್ಲಿ ಸೋಂಕು ಇಲ್ಲವೆಂದು ಬಂದಿತ್ತು, ಕೇಸ್‌ಶೀಟಿನ ಮೇಲೆ ಕೆಂಪು ವೃತ್ತ ಇರಲಿಲ್ಲ, ನಾನು ನಿರಾತಂಕವಾಗಿ ಕೈಗವಸು ಹಾಕದೆ ಕೆಲಸ ಮಾಡಿದ್ದೆ. ಮರುದಿನ ತಿಳಿಯಿತು, ಅವನಿಗೆ ಯಕೃತ್ತಿಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿ ಇತ್ತು.

ನರ್ಸ್‌ಗಳ ತಂದೆತಾಯಂದಿರಿಗೆ ಯಾರೂ ಹೇಳದ ಲೆಕ್ಕವೊಂದಿದೆ. ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ 0.3, ಅಂದರೆ ಮುನ್ನೂರರಲ್ಲಿ ಒಂದು. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 30ರವರೆಗೂ ಹೋಗುತ್ತದೆ. ನಾವು ಯಾವುದಕ್ಕೆ ಹೆದರಿ ಚೀಟಿ ಕಟ್ಟುತ್ತಿದ್ದೆವೋ ಅದಕ್ಕಿಂತ ನೂರು ಪಟ್ಟಿನವರೆಗೂ ಸುಲಭವಾಗಿ ತಗಲಬಲ್ಲದ್ದು ಚೀಟಿಯೇ ಇಲ್ಲದ ಹಾಸಿಗೆಯಲ್ಲಿತ್ತು. ನನ್ನನ್ನು ಉಳಿಸಿದ್ದು ಲಸಿಕೆ. ಕೇರಳದ ಕಡೆಯ ಹಿರಿಯ ಸಿಸ್ಟರ್ ಒಬ್ಬರು 1999ರಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಎಂದು ಲೆಕ್ಕವಿಟ್ಟು, ನಮ್ಮದೇ ದುಡ್ಡಿನಲ್ಲಿ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದರು. ಅವರು ಈಗಿಲ್ಲ. ನನ್ನ ಯಕೃತ್ತು ಇವತ್ತಿಗೂ ಆರೋಗ್ಯವಾಗಿರುವುದು ಅವರ ಹಟದಿಂದ.

ಎಚ್‌ಐವಿಯ ವಿಷಯದಲ್ಲೂ ಗುರುತು ದಾರಿ ತಪ್ಪಿಸುತ್ತದೆ. ಸೋಂಕು ತಗಲಿದ ಮೊದಲ ಕೆಲವು ವಾರಗಳಲ್ಲಿ ರಕ್ತದಲ್ಲಿ ವೈರಸ್ ಪ್ರಮಾಣ ಅತಿ ಹೆಚ್ಚಿರುತ್ತದೆ, ಆದರೆ ಸಾಮಾನ್ಯ ಪರೀಕ್ಷೆಯಲ್ಲಿ ಅದು ಕಾಣಿಸದೆ ಇರಬಹುದು. ಅಂಥವರ ಹಾಸಿಗೆಗೆ ಚೀಟಿ ಬೀಳುವುದಿಲ್ಲ. ಇನ್ನೊಂದು ಕಡೆ, ದಿನಕ್ಕೊಂದು ಮಾತ್ರೆಯನ್ನು ತಪ್ಪದೆ ನುಂಗುತ್ತ ವೈರಸ್ಸನ್ನು ಪರೀಕ್ಷೆಗೆ ಸಿಗದ ಮಟ್ಟಕ್ಕೆ ಇಳಿಸಿಕೊಂಡವರು ಇದ್ದಾರೆ. ಒಂಬತ್ತು ದೇಶಗಳ 1,763 ದಂಪತಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2011ರಲ್ಲಿ ಬಂತು. ನಮ್ಮ ಚೆನ್ನೈ ಮತ್ತು ಪುಣೆಯ ದಂಪತಿಗಳೂ ಅದರಲ್ಲಿದ್ದರು. ಬೇಗ ಚಿಕಿತ್ಸೆ ಆರಂಭಿಸಿದರೆ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ವೈರಸ್ ಪತ್ತೆಯಾಗದ ಮಟ್ಟದಲ್ಲಿ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದೇ ಇಲ್ಲ ಎಂಬುದು ಮುಂದಿನ ಅಧ್ಯಯನಗಳಿಂದ ಖಚಿತವಾಗಿದೆ. ಇಷ್ಟು ಶಿಸ್ತಿನಿಂದ ತಮ್ಮನ್ನು ಕಾಪಾಡಿಕೊಂಡವರ ಹಾಸಿಗೆಗೇ ನಾವು ಚೀಟಿ ಕಟ್ಟುತ್ತೇವೆ. ತಂದೆಯವರೇ, ನಿಮ್ಮ ಮಗಳು ಚೀಟಿ ನೋಡಿ ಎಚ್ಚರವಹಿಸಲು ಕಲಿತರೆ ಚೀಟಿ ಇಲ್ಲದ ಕಡೆ ಎಚ್ಚರ ತಪ್ಪುತ್ತಾಳೆ. ನಾನು ತಪ್ಪಿದ್ದೆ.

ನನ್ನದೊಂದು ವಾರ್ಡಿನ ಕಥೆ ಇದು ಎಂದು ಯಾರೂ ಭಾವಿಸಬಾರದು. ಬೆಂಗಳೂರು ಮತ್ತು ಮುಂಬೈನ ಸರ್ಕಾರಿ ಹಾಗೂ ಸರ್ಕಾರೇತರ ಆಸ್ಪತ್ರೆಗಳಲ್ಲಿ 305 ವೈದ್ಯರು, 369 ನರ್ಸ್‌ಗಳು ಮತ್ತು 346 ವಾರ್ಡ್ ಸಿಬ್ಬಂದಿಯನ್ನು ಮಾತನಾಡಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಬರುವವರಿಗೆಲ್ಲ ಎಚ್‌ಐವಿ ಪರೀಕ್ಷೆ ಕಡ್ಡಾಯವಾಗಬೇಕು ಎಂದವರು ಈ ಮೂರು ಗುಂಪುಗಳಲ್ಲಿ ಶೇ 90ರಿಂದ 99. ಲೈಂಗಿಕ ಸಂಪರ್ಕದಿಂದಲೋ ಮಾದಕ ವಸ್ತುವಿನಿಂದಲೋ ಸೋಂಕು ತಗಲಿಸಿಕೊಂಡವರಿಗೆ ತಕ್ಕದ್ದೇ ಆಗಿದೆ ಎಂದವರು ಶೇ 50ರಿಂದ 83. ಕಿರಿಯ ಸಹೋದ್ಯೋಗಿಯೊಬ್ಬಳು ಇದನ್ನು ನನಗೆ ಓದಲು ಕೊಟ್ಟಾಗ ಎರಡನೆಯ ಸಂಖ್ಯೆಯ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಅದರಲ್ಲಿ ಕೇಳಿಸಿದ್ದು ಪರಿಚಿತ ದನಿಗಳೇ. ರಾತ್ರಿ ಎರಡು ಗಂಟೆಗೆ ನನ್ನ ಜೊತೆ ಚಹಾ ಹಂಚಿಕೊಂಡವರು, ಎಷ್ಟೋ ಪ್ರಾಣಗಳನ್ನು ಉಳಿಸಿದವರು, ಹಬ್ಬದ ದಿನವೂ ಮನೆಗೆ ಹೋಗದೆ ದುಡಿದವರು. ಅವರು ಕೆಟ್ಟವರಲ್ಲ. ಅವರಿಗೆ ಭಯವಿತ್ತು, ಆ ಭಯಕ್ಕೆ ಯಾರೂ ಸಮಾಧಾನದಿಂದ ಉತ್ತರ ಕೊಟ್ಟಿರಲಿಲ್ಲ.

ಉತ್ತರ ಕೊಟ್ಟರೆ ಬದಲಾವಣೆ ಆಗುತ್ತದೆ. ಅದೇ ಸಂಶೋಧಕರ ಗುಂಪು ನಂತರ ನರ್ಸಿಂಗ್ ವಿದ್ಯಾರ್ಥಿಗಳಿಗೂ ವಾರ್ಡ್ ಸಿಬ್ಬಂದಿಗೂ ಒಂದು ತರಬೇತಿಯನ್ನು ರೂಪಿಸಿ ಪರೀಕ್ಷಿಸಿತು. ಟ್ಯಾಬ್ಲೆಟ್‌ನಲ್ಲಿ ತಾವೇ ನೋಡಿ ಕಲಿಯುವ ಎರಡು ಪಾಠಗಳು, ಆಮೇಲೆ ಎಲ್ಲರೂ ಸೇರಿ ಕೂರುವ ಒಂದು ತರಗತಿ. ಆ ತರಗತಿಯನ್ನು ನಡೆಸುವವರಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರೊಬ್ಬರು ಇರುತ್ತಾರೆ. ಒಂದು ವರ್ಷದ ನಂತರ ನೋಡಿದಾಗ ತರಬೇತಿ ಪಡೆದವರಲ್ಲಿ ಬಲವಂತದ ಕ್ರಮಗಳಿಗೆ ಬೆಂಬಲವೂ, ಭೇದ ಮಾಡುವ ಉದ್ದೇಶವೂ ಕಡಿಮೆಯಾಗಿದ್ದವು. ಇದರಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ವಾರ್ಡ್ ಸಿಬ್ಬಂದಿಯನ್ನೂ ಸೇರಿಸಿಕೊಂಡದ್ದು. ನನ್ನ ಸೇವೆಯ ಉದ್ದಕ್ಕೂ ತರಬೇತಿ ಎಂದರೆ ವೈದ್ಯರಿಗೆ ಮತ್ತು ನಮಗೆ. ಆಯಮ್ಮಂದಿರನ್ನು ಕುರ್ಚಿ ಜೋಡಿಸಲು ಮತ್ತು ಚಹಾ ತರಲು ಕರೆಯುತ್ತಿದ್ದರು.

ಒಬ್ಬ ಆಯಮ್ಮನ ವಿಷಯ ಹೇಳಲೇಬೇಕು, ಈ ಪತ್ರ ಬರೆಯಲು ಕುಳಿತದ್ದೇ ಬಹುಮಟ್ಟಿಗೆ ಅವಳಿಗಾಗಿ. ಗುತ್ತಿಗೆ ಕಂಪನಿಯ ಮೂಲಕ ನೇಮಕಗೊಂಡವಳು, ನೆಲ ಒರೆಸುವುದು, ಕಸ ಸಾಗಿಸುವುದು ಅವಳ ಕೆಲಸ. ಬಳಸಿದ ಸೂಜಿಗಳು ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಕ್ಕೆ. 2014ರಲ್ಲಿ ಒಂದು ರಾತ್ರಿ ಒಂಬತ್ತರ ಸುಮಾರಿಗೆ ಅವಳು ಹಳದಿ ಚೀಲವೊಂದನ್ನು ಎತ್ತಿದಾಗ ಒಳಗಿದ್ದ ಸೂಜಿ ಅವಳ ತೊಡೆಗೆ ಚುಚ್ಚಿತು. ಯಾರೋ ಅವಸರದಲ್ಲಿ, ಡಬ್ಬ ದೂರವಿತ್ತೆಂದು, ಹತ್ತಿಯ ಜೊತೆ ಎಸೆದಿದ್ದರು. ಯಾವ ರೋಗಿಗೆ ಬಳಸಿದ ಸೂಜಿ ಎಂದು ಹೇಳುವವರಿಲ್ಲ. ಸೋಪು ಹಚ್ಚಿ ನೀರಿನಡಿ ತೊಳೆಸಿದೆ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ ಎರಡು ಗಂಟೆಗಳೊಳಗೆ, ತಪ್ಪಿದರೂ 72 ಗಂಟೆಗಳೊಳಗೆ ಆರಂಭಿಸಿ 28 ದಿನ ನುಂಗಬೇಕು. ತಡವಾದಷ್ಟೂ ಪ್ರಯೋಜನ ಕಡಿಮೆ. ಮಾತ್ರೆಗಳು ನಮ್ಮ ಆಸ್ಪತ್ರೆಯಲ್ಲೇ, ನಮ್ಮದೇ ಮಹಡಿಯ ಕಪಾಟಿನಲ್ಲಿ ಇದ್ದವು. ಕಪಾಟಿಗೆ ಬೀಗವಿತ್ತು. ಕೀಲಿ ಉಸ್ತುವಾರಿಯವರ ಕೈಚೀಲದಲ್ಲಿತ್ತು. ಅವರು ಕೆಂಗೇರಿಯ ಮನೆಯಲ್ಲಿದ್ದರು, ಫೋನ್ ಆಫ್ ಆಗಿತ್ತು. ಡ್ಯೂಟಿ ಡಾಕ್ಟರ್ ಬೀಗ ಒಡೆಯಲು ಹೆದರಿದರು. ನಾನೂ ಹೆದರಿದೆ. ಗಾಜಿನ ಬಾಗಿಲಿನ ಹಿಂದೆ ಡಬ್ಬಿ ಕಾಣುತ್ತಿತ್ತು. ಆಯಮ್ಮ ಅದರ ಎದುರಿನ ಸ್ಟೂಲಿನ ಮೇಲೆ ರಾತ್ರಿಯಿಡೀ ಕುಳಿತಿದ್ದಳು.

ಮೊದಲ ಮಾತ್ರೆ ಅವಳಿಗೆ ಸಿಕ್ಕಿದ್ದು ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ, ಹದಿನಾಲ್ಕು ಗಂಟೆಗಳ ನಂತರ. ಅವಳಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿರಲೇ ಇಲ್ಲ. ಅದು ಗುತ್ತಿಗೆದಾರರ ಹೊಣೆ ಎಂದು ಕಚೇರಿ ಹೇಳಿತು, ಆಸ್ಪತ್ರೆಯ ಹೊಣೆ ಎಂದು ಗುತ್ತಿಗೆದಾರ ಹೇಳಿದ. ಮಾತ್ರೆಯಿಂದ ವಾಂತಿಯಾಗಿ ಎರಡು ದಿನ ಮಲಗಿದಾಗ ಎರಡು ದಿನದ ಕೂಲಿ ಕಡಿತವಾಯಿತು. ಮನೆಯಲ್ಲಿ ಏನೆಂದು ಹೇಳಲಿ ಸಿಸ್ಟರ್ ಎಂದು ಕೇಳಿದಳು. ಆರು ವಾರ, ಮೂರು ತಿಂಗಳು, ಆರು ತಿಂಗಳು, ಪ್ರತಿ ಪರೀಕ್ಷೆಗೂ ನಾನು ಅವಳ ಜೊತೆ ಆಪ್ತಸಮಾಲೋಚಕರ ಕೊಠಡಿಯ ಹೊರಗೆ ಕುಳಿತೆ. ಮೂರೂ ಬಾರಿ ಸೋಂಕು ಇಲ್ಲವೆಂದೇ ಬಂತು. ಕೊನೆಯ ವರದಿಯನ್ನು ಅವಳು ಮಡಚಿ ರವಿಕೆಯೊಳಗೆ ಇಟ್ಟುಕೊಂಡು, ಪೊರಕೆ ಹಿಡಿದು ಮತ್ತೆ ವಾರ್ಡಿಗೆ ನಡೆದಳು.

ಆ ಸೂಜಿಯ ಮಟ್ಟಿಗೆ ಹಾಸಿಗೆಯ ಚೀಟಿ ಏನು ಮಾಡಬಲ್ಲದಿತ್ತು? ಚೀಟಿಯನ್ನು ಓದಲು ಅವಳಿಗೆ ಅಕ್ಷರವೇ ಬರುತ್ತಿರಲಿಲ್ಲ. ಅವಳನ್ನು ಕಾಯಬಹುದಾಗಿದ್ದದ್ದು ಹಾಸಿಗೆಯಿಂದ ಕೈಯಳತೆಯಲ್ಲಿ ಒಂದು ಬಿಳಿಯ ಡಬ್ಬ, ದಪ್ಪ ಕೈಗವಸು, ಮೂರು ಡೋಸ್ ಲಸಿಕೆ ಮತ್ತು ರಾತ್ರಿಪಾಳಿಯವರ ಬಳಿ ಇರುವ ಒಂದು ಕೀಲಿ.

ಇದೆಲ್ಲ ನನ್ನ ಆಸೆ ಮಾತ್ರವಾಗಿ ಉಳಿದಿಲ್ಲ, ಈಗ ಕಾನೂನೇ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿದೆ. ರೋಗಿಯ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಚಿಕಿತ್ಸೆ ಕೊಡಲು ಪರೀಕ್ಷೆಯನ್ನು ಷರತ್ತಾಗಿ ಒಡ್ಡುವಂತಿಲ್ಲ. ಸೋಂಕಿನ ಮಾಹಿತಿಯನ್ನು ಗುಟ್ಟಾಗಿ ಕಾಯಬೇಕು. ಸಿಬ್ಬಂದಿಗೆ ರಕ್ಷಣಾ ಸಾಧನ, ತರಬೇತಿ ಮತ್ತು ಸೂಜಿ ಚುಚ್ಚಿದಾಗ ಕೊಡುವ ಮಾತ್ರೆಗಳನ್ನು ಒದಗಿಸುವುದು ಸಂಸ್ಥೆಯ ಕರ್ತವ್ಯ. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಆರೋಗ್ಯ ಸಂಸ್ಥೆಯಲ್ಲಿ ಒಬ್ಬ ದೂರು ಅಧಿಕಾರಿ ಇರಬೇಕು. ನಿವೃತ್ತಿಯ ನಂತರ ಮೊಣಕಾಲು ನೋವಿಗೆ, ತಮ್ಮನ ಹೃದಯದ ಚಿಕಿತ್ಸೆಗೆ ಎಂದು ಮೂರು ಆಸ್ಪತ್ರೆ ಸುತ್ತಿದ್ದೇನೆ. ಎಲ್ಲ ಕಡೆಯೂ ನೋಂದಣಿ ಕೌಂಟರಿನ ಮೇಲಿನ ಫಲಕದಲ್ಲಿ ವಿಮಾ ಕಂಪನಿಗಳ ಹೆಸರುಗಳಿದ್ದವು, ಈ ಅಧಿಕಾರಿಯ ಹೆಸರು ಎಲ್ಲಿಯೂ ಕಾಣಲಿಲ್ಲ.

ಇನ್ನೊಂದು ಮಾತು. ಎಚ್‌ಐವಿ ಸೋಂಕಿತರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವ ಕಾಯಿಲೆ ಕ್ಷಯ. ಅದು ಗಾಳಿಯಲ್ಲಿ ಹರಡುತ್ತದೆ. ಮುಟ್ಟಿದರೆ ಹರಡದ ವೈರಸ್‌ಗೆ ಚೀಟಿ ಕಟ್ಟುವ ವಾರ್ಡಿನಲ್ಲೇ, ಮೂರು ವಾರದಿಂದ ಕೆಮ್ಮುತ್ತಿರುವವರನ್ನು ಮಾಸ್ಕ್ ಕೊಡದೆ, ಕಿಟಕಿ ತೆರೆಯದೆ ಹತ್ತು ಜನರ ನಡುವೆ ಮಲಗಿಸುತ್ತೇವೆ. ಕೋವಿಡ್ ಸಮಯದಲ್ಲಿ ಕಲಿತ ಈ ಸಣ್ಣ ಅಭ್ಯಾಸಗಳೂ ಹವಾನಿಯಂತ್ರಿತ ವಾರ್ಡುಗಳಲ್ಲಿ ಆಗಲೇ ಮರೆಯಾಗುತ್ತಿವೆ.

ಈಗ ತಡೆಗಟ್ಟುವಿಕೆಯಲ್ಲೂ ಹೊಸ ಕಾಲ ಬರುತ್ತಿದೆ. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಲೆನಕಾಪವಿರ್ ಎಂಬ ಔಷಧವನ್ನು ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಪರೀಕ್ಷಿಸಿದಾಗ, ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ ಎಂದು 2024ರಲ್ಲಿ ವರದಿಯಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ವರ್ಷಕ್ಕೆ ಸುಮಾರು 40 ಡಾಲರ್‌ಗೆ ಅದನ್ನು ತಯಾರಿಸಿಕೊಡಲು ನಮ್ಮ ಪಕ್ಕದ ಹೈದರಾಬಾದಿನ ಕಂಪನಿಗಳೇ ಮುಂದೆ ಬಂದಿವೆ. ಈ ಸುದ್ದಿ ಓದಿದ ದಿನ ನನಗೆ ಕಣ್ಣು ತುಂಬಿ ಬಂತು, ಕಾಲರ್ ಹೊಲಿಯುತ್ತಿದ್ದ ಆ ಹೆಣ್ಣುಮಗಳು ನೆನಪಾದಳು. ಆದರೆ ಚುಚ್ಚುಮದ್ದು ಮನೆಬಾಗಿಲಿಗೆ ಬರುವುದಿಲ್ಲ. ಅದು ಬೇಕಾದವರು ಆಸ್ಪತ್ರೆಗೆ ಬಂದು, ನೋಂದಣಿ ಚೀಟಿ ಮಾಡಿಸಿ, ಯಾಕೆ ಬಂದಿರಿ ಎಂದು ಕೇಳುವ ಕೌಂಟರಿನವರಿಗೆ ಉತ್ತರ ಕೊಟ್ಟು, ನರ್ಸ್‌ನ ಎದುರು ಕೂರಬೇಕು. ಆ ದಾರಿಯಲ್ಲಿ ಒಬ್ಬರು ಮುಖ ಸಿಂಡರಿಸಿದರೂ ಅವರು ಆರು ತಿಂಗಳ ನಂತರ ಮತ್ತೆ ಬರುವುದಿಲ್ಲ.

ಪತ್ರ ಬರೆದ ತಂದೆಯವರಲ್ಲಿ ನನ್ನ ವಿನಂತಿ: ನಿಮ್ಮ ಮಗಳನ್ನು ಇವತ್ತೇ ಕೇಳಿ, ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯೇ, ಆಮೇಲೆ ರಕ್ತದಲ್ಲಿ ಪ್ರತಿಕಾಯ ಬಂದಿದೆಯೇ ಎಂದು ನೋಡಿದ್ದಾರೆಯೇ, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದೆಂದು ಕಲಿಸಿದ್ದಾರೆಯೇ, ಅವಳ ವಾರ್ಡಿನಲ್ಲಿ ಬಿಳಿಯ ಡಬ್ಬ ಎಷ್ಟು ಹೆಜ್ಜೆ ದೂರದಲ್ಲಿದೆ. ಉತ್ತರ ಸಮಾಧಾನಕರವಾಗಿರದಿದ್ದರೆ ಈ ಪತ್ರಿಕೆಗೆ ಮತ್ತೊಂದು ಪತ್ರ ಬರೆಯಿರಿ, ನಾನೂ ಅದಕ್ಕೆ ಸಹಿ ಹಾಕುತ್ತೇನೆ.

ನಗರದ ಆಸ್ಪತ್ರೆಗಳ ಅಧೀಕ್ಷಕರಲ್ಲಿಯೂ ಒಂದು ವಿನಂತಿ. ಮುಂಚಿತವಾಗಿ ತಿಳಿಸದೆ ಒಂದು ರಾತ್ರಿ ಹನ್ನೊಂದಕ್ಕೆ ನಿಮ್ಮ ಯಾವುದಾದರೂ ವಾರ್ಡಿಗೆ ಹೋಗಿ. ನೆಲ ಒರೆಸುತ್ತಿರುವ ಆಯಮ್ಮನನ್ನು ಮಾತನಾಡಿಸಿ, "ಈಗ ನಿಮಗೆ ಸೂಜಿ ಚುಚ್ಚಿದರೆ ಯಾರ ಹತ್ತಿರ ಹೋಗುತ್ತೀರಿ?" ಎಂದು ಕೇಳಿ. ಆಮೇಲೆ ಅವರ ಜೊತೆಗೇ ಆ ಕಪಾಟಿನವರೆಗೆ ನಡೆದು ಹೋಗಿ, ಅದು ತೆರೆದುಕೊಳ್ಳಲು ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ಇಂತಿ,
ನಿವೃತ್ತ ಶುಶ್ರೂಷಾಧಿಕಾರಿ, ಬೆಂಗಳೂರು
(ಹಳೆಯ ರೋಗಿಗಳ ಮತ್ತು ಸಹೋದ್ಯೋಗಿಗಳ ಗುರುತು ಸಿಗಬಾರದೆಂಬ ಕಾರಣಕ್ಕೆ ಹೆಸರು ಪ್ರಕಟಿಸಬಾರದೆಂದು ಕೋರುತ್ತೇನೆ.)